ನೆಲ ಹಿಡಿದು ಹರಿಯುವ ಆವಿ: ಮನೆಯ ಗ್ಯಾರೇಜು ಮತ್ತು ಪೆಟ್ರೋಲ್ ವಾಸನೆ

ಪೆಟ್ರೋಲ್ ಒಂದೇ ವಸ್ತುವಲ್ಲ. ನಾಲ್ಕರಿಂದ ಹನ್ನೆರಡು ಇಂಗಾಲದ ಪರಮಾಣುಗಳುಳ್ಳ ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ ಅದು. ಇವುಗಳಲ್ಲಿ ಬ್ಯೂಟೇನ್, ಪೆಂಟೇನ್‌ಗಳಂಥ ಹಗುರ ಅಣುಗಳು ಸಾಮಾನ್ಯ ಉಷ್ಣತೆಯಲ್ಲೇ ಆವಿಯಾಗಿ ಹೊರಡುತ್ತವೆ. ಟಾಲ್ವೀನ್, ಜೈಲೀನ್‌ಗಳಂಥ ಭಾರದ ಅಣುಗಳು ನಿಧಾನವಾಗಿ ಹೊರಬರುತ್ತವೆ. ಚಳಿಯ ಬೆಳಗ್ಗೆಯೂ ಎಂಜಿನ್ ಸುಲಭವಾಗಿ ಶುರುವಾಗಬೇಕಾದರೆ ಇಂಧನ ಬೇಗ ಆವಿಯಾಗಲೇಬೇಕು. ಎಂಜಿನ್ನಿಗೆ ಬೇಕಾದ ಈ ಗುಣವೇ ಕಾರು ಮನೆಯ ಗ್ಯಾರೇಜಿನಲ್ಲಿ ನಿಂತಾಗ ತೊಂದರೆಯ ಮೂಲವಾಗುತ್ತದೆ.

ಒಂದು ದ್ರವ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುವ ಅತಿ ಕಡಿಮೆ ಉಷ್ಣತೆಗೆ ಜ್ವಲನ ಬಿಂದು ಎನ್ನುತ್ತಾರೆ. ಸೀಮೆಎಣ್ಣೆಗೆ ಅದು ಕನಿಷ್ಠ 35 ಡಿಗ್ರಿ ಸೆಲ್ಸಿಯಸ್ ಇರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಪೆಟ್ರೋಲಿನ ಜ್ವಲನ ಬಿಂದು ಸೊನ್ನೆಗಿಂತ ಸುಮಾರು 43 ಡಿಗ್ರಿ ಕೆಳಗಿದೆ. ಅಂದರೆ ಮಡಿಕೇರಿಯ ಚಳಿಗಾಲವಾಗಲಿ, ರಾಯಚೂರಿನ ಬೇಸಿಗೆಯಾಗಲಿ, ತೆರೆದಿಟ್ಟ ಪೆಟ್ರೋಲ್ ಸದಾ ಹೊತ್ತಿಕೊಳ್ಳಲು ಸಿದ್ಧವಾಗಿರುತ್ತದೆ. ಬಿಸಿ ಏರಿದಂತೆ ಆವಿಯ ಒತ್ತಡವೂ ಏರುತ್ತದೆ. 20 ಡಿಗ್ರಿಯಲ್ಲಿ ಇರುವ ಒತ್ತಡ 38 ಡಿಗ್ರಿಗೆ ಬರುವಷ್ಟರಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ.

ಪೆಟ್ರೋಲ್ ಆವಿ ಗಾಳಿಗಿಂತ ಮೂರರಿಂದ ನಾಲ್ಕು ಪಟ್ಟು ಭಾರ. ಗಾಳಿಯಾಡದ ಜಾಗದಲ್ಲಿ ಅದು ಮೇಲೇರುವುದಿಲ್ಲ. ಮಳೆಯ ನೀರು ತಗ್ಗನ್ನು ಹುಡುಕುವಂತೆ ನೆಲ ಹಿಡಿದು ಹರಿದು, ಮೂಲೆಯಲ್ಲಿ, ಗುಂಡಿಯಲ್ಲಿ, ಚರಂಡಿಯಲ್ಲಿ ನಿಲ್ಲುತ್ತದೆ. ಗ್ಯಾರೇಜನ್ನು ಸುರಕ್ಷಿತವಾಗಿಡುವ ಉಪಾಯಗಳೆಲ್ಲ ಈ ಒಂದು ಸಂಗತಿಯನ್ನು ಆಧರಿಸಿವೆ.

ನಿಂತ ಕಾರಿನಿಂದ ಆವಿ ಹೊರಬರುವ ದಾರಿಗಳು

ಎಂಜಿನ್ ಆರಿಸಿದ ಮೇಲೂ ಕಾರಿನಿಂದ ಆವಿ ಬರುವುದಕ್ಕೆ ಮುಖ್ಯವಾಗಿ ಮೂರು ಕಾರಣಗಳಿವೆ. ಮೊದಲನೆಯದು ಹಗಲು ರಾತ್ರಿಯ ಉಷ್ಣತೆಯ ಏರಿಳಿತ. ಹಗಲಿನಲ್ಲಿ ಟ್ಯಾಂಕ್ ಬಿಸಿಯಾದಾಗ ಒಳಗಿನ ಆವಿ ಹಿಗ್ಗಿ ಹೊರದಾರಿ ಹುಡುಕುತ್ತದೆ. ರಾತ್ರಿ ತಣ್ಣಗಾದಾಗ ಹೊರಗಿನ ಗಾಳಿ ಒಳಸೇರುತ್ತದೆ. ಮರುದಿನ ಆ ಗಾಳಿಯೂ ಆವಿ ತುಂಬಿಕೊಂಡು ಹೊರಡುತ್ತದೆ. ಟ್ಯಾಂಕಿನಲ್ಲಿ ಖಾಲಿ ಜಾಗ ಹೆಚ್ಚಿದ್ದಷ್ಟೂ ಈ ಓಡಾಟ ಹೆಚ್ಚು.

ಎರಡನೆಯದು ಓಡಿ ಬಂದ ಎಂಜಿನ್ನಿನ ಶಾಖ. ಕಾರು ನಿಂತೊಡನೆ ಬಾನೆಟ್ಟಿನ ಒಳಗೆ ಗಾಳಿ ಬೀಸುವುದು ನಿಲ್ಲುತ್ತದೆ, ಆದರೆ ಕಬ್ಬಿಣದ ಬಿಸಿ ಹಾಗೆಯೇ ಉಳಿದಿರುತ್ತದೆ. ಕೆಲವು ನಿಮಿಷ ಅಲ್ಲಿನ ಉಷ್ಣತೆ ಓಡುವಾಗಿನದಕ್ಕಿಂತಲೂ ಮೇಲೇರಿ, ಕೊಳವೆ, ಇಂಜೆಕ್ಟರುಗಳಲ್ಲಿ ಉಳಿದ ಪೆಟ್ರೋಲನ್ನು ಕಾಯಿಸುತ್ತದೆ. ಹಳೆಯ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮೊದಮೊದಲ ಮಾರುತಿ 800ರಂಥ ಕಾರ್ಬುರೇಟರ್ ಕಾರುಗಳಲ್ಲಿ ಇದು ಇನ್ನೂ ಹೆಚ್ಚು. ಕಾರ್ಬುರೇಟರಿನ ಬಟ್ಟಲಲ್ಲಿ ನಿಂತ ಪೆಟ್ರೋಲ್ ಕಾದು ನೇರವಾಗಿ ಹೊರಗಿನ ಗಾಳಿ ಸೇರುತ್ತದೆ.

ಮೂರನೆಯದು ಜಿನುಗು. ಪೆಟ್ರೋಲಿನ ಅಣುಗಳು ರಬ್ಬರ್ ಕೊಳವೆಯ, ಪ್ಲಾಸ್ಟಿಕ್ ಟ್ಯಾಂಕಿನ ಗೋಡೆಯ ಮೂಲಕವೇ ಅತಿ ನಿಧಾನವಾಗಿ ಹಾಯುತ್ತವೆ. ಇದನ್ನು ತಡೆಯಲೆಂದೇ ಇಂದಿನ ಪ್ಲಾಸ್ಟಿಕ್ ಟ್ಯಾಂಕುಗಳನ್ನು ಹಲವು ಪದರಗಳಲ್ಲಿ ಮಾಡಿ, ನಡುವೆ ಆವಿ ತಡೆಯುವ ಪದರವನ್ನು ಇಡುತ್ತಾರೆ. ಭಾರತದ ಪೆಟ್ರೋಲಿನಲ್ಲಿ ಎಥನಾಲ್ ಪ್ರಮಾಣ 2022ರ ಹೊತ್ತಿಗೆ ಶೇ 10ಕ್ಕೂ, 2025ರಲ್ಲಿ ಶೇ 20ಕ್ಕೂ ಏರಿತು. ಎಥನಾಲಿನ ಅಣು ಚಿಕ್ಕದು. ಅದು ರಬ್ಬರನ್ನು ಹಿಗ್ಗಿಸುತ್ತದೆ, ಕೊಳವೆಯ ಗೋಡೆಯನ್ನು ಸುಲಭವಾಗಿ ದಾಟುತ್ತದೆ. ಎಥನಾಲಿಗೆಂದು ತಯಾರಾಗದ ಹಳೆಯ ಕೊಳವೆ, ವಾಷರುಗಳಿರುವ ವಾಹನಗಳಲ್ಲಿ ಇವುಗಳ ಮೇಲೆ ಹೆಚ್ಚು ಗಮನವಿಡಬೇಕಾಗುತ್ತದೆ.

ಇದ್ದಿಲ ಡಬ್ಬಿ

ಕಾರಿನಿಂದ ಹೊರಬೀಳುವ ಆವಿಯನ್ನು ಹಿಡಿದಿಡಬೇಕೆಂಬ ಯೋಚನೆ ಶುರುವಾದದ್ದು ಮನೆಯ ಗ್ಯಾರೇಜಿಗಾಗಿ ಅಲ್ಲ, ನಗರದ ಆಕಾಶಕ್ಕಾಗಿ. ಲಾಸ್ ಏಂಜಲೀಸ್ ನಗರವನ್ನು ಕಾಡುತ್ತಿದ್ದ ಕಣ್ಣುರಿಸುವ ಹೊಂಜು ಹುಟ್ಟುವುದು ಹೈಡ್ರೋಕಾರ್ಬನ್ ಮತ್ತು ಸಾರಜನಕದ ಆಕ್ಸೈಡುಗಳು ಬಿಸಿಲಿನಲ್ಲಿ ವರ್ತಿಸುವುದರಿಂದ ಎಂದು 1950ರ ದಶಕದ ಆರಂಭದಲ್ಲಿ ತೋರಿಸಿದವರು ರಸಾಯನ ವಿಜ್ಞಾನಿ ಆರಿ ಹಾಗನ್-ಸ್ಮಿಟ್. ಹೊಗೆ ಕೊಳವೆಯಿಂದಷ್ಟೇ ಅಲ್ಲ, ಟ್ಯಾಂಕಿನಿಂದ ಮತ್ತು ಕಾರ್ಬುರೇಟರಿನಿಂದಲೂ ಹೈಡ್ರೋಕಾರ್ಬನ್ ಹೊರಡುತ್ತದೆ ಎಂಬುದು ಖಚಿತವಾದ ಮೇಲೆ ಕ್ಯಾಲಿಫೋರ್ನಿಯ 1970ರ ಮಾದರಿಯ ಕಾರುಗಳಿಂದ ಆವಿಯ ಮೇಲೆ ಹತೋಟಿ ತಂದಿತು. ಮರುವರ್ಷ ಅದು ಇಡೀ ಅಮೆರಿಕಕ್ಕೆ ಅನ್ವಯವಾಯಿತು.

ಆ ಹತೋಟಿಯ ಸಾಧನವೇ ಇದ್ದಿಲ ಡಬ್ಬಿ, ಮೆಕ್ಯಾನಿಕ್‌ಗಳ ಮಾತಿನಲ್ಲಿ ಕ್ಯಾನಿಸ್ಟರ್. ಅಸಂಖ್ಯ ಸೂಕ್ಷ್ಮ ರಂಧ್ರಗಳಿರುವ ಸಕ್ರಿಯ ಇದ್ದಿಲಿನ ಹರಳುಗಳನ್ನು ಅದರಲ್ಲಿ ತುಂಬಿರುತ್ತಾರೆ. ಟ್ಯಾಂಕಿನ ಆವಿ ಅದರ ಮೂಲಕ ಹಾಯುವಾಗ ಹೈಡ್ರೋಕಾರ್ಬನ್ ಅಣುಗಳು ಇದ್ದಿಲಿನ ಮೈಗೆ ಅಂಟಿಕೊಳ್ಳುತ್ತವೆ. ಗಾಳಿ ಮಾತ್ರ ಹೊರಹೋಗುತ್ತದೆ. ಎಂಜಿನ್ ಓಡುವಾಗ ಒಂದು ಕವಾಟ ತೆರೆದು, ಎಂಜಿನ್ನಿನ ಹೀರುವಿಕೆಯಿಂದ ತಾಜಾ ಗಾಳಿ ಡಬ್ಬಿಯೊಳಗೆ ಹಾಯುತ್ತದೆ. ಅಂಟಿದ್ದ ಆವಿ ಬಿಡಿಸಿಕೊಂಡು ಎಂಜಿನ್ ಸೇರಿ ಉರಿಯುತ್ತದೆ. ಹೀಗೆ ಡಬ್ಬಿ ಕಾರು ನಿಂತಾಗ ತುಂಬಿ ಓಡುವಾಗ ಖಾಲಿಯಾಗುತ್ತದೆ.

ಈ ಏರ್ಪಾಡಿಗೆ ಮಿತಿಗಳಿವೆ. ಕಾರು ವಾರಗಟ್ಟಲೆ ನಿಂತಲ್ಲೇ ನಿಂತರೆ ಡಬ್ಬಿ ಖಾಲಿಯಾಗುವ ಅವಕಾಶವೇ ಇರುವುದಿಲ್ಲ. ಇದ್ದಿಲು ತುಂಬಿದ ಮೇಲೆ ಆವಿ ಹೊರಗೆ ಸೋರಲಾರಂಭಿಸುತ್ತದೆ. ಪೆಟ್ರೋಲ್ ಬಂಕಿನಲ್ಲಿ ಗನ್ ತಾನಾಗಿ ನಿಂತ ಮೇಲೂ ಒತ್ತಿ ಒತ್ತಿ ತುಂಬಿಸಿದರೆ ಆವಿಯ ಬದಲು ದ್ರವವೇ ಡಬ್ಬಿಗೆ ನುಗ್ಗಿ ಇದ್ದಿಲನ್ನು ಹಾಳುಮಾಡಬಹುದು. ಬಂಕಿನ ನೆಲದಡಿಯ ಟ್ಯಾಂಕಿನಿಂದ ಬಂದ ತಂಪು ಪೆಟ್ರೋಲ್ ಹೊರಗೆ ಬಿಸಿಯೇರಿದಾಗ ಹಿಗ್ಗುವುದೂ ಉಂಟು: 40 ಲೀಟರ್ ಪೆಟ್ರೋಲ್ 10 ಡಿಗ್ರಿ ಬಿಸಿಯಾದರೆ ಸುಮಾರು 380 ಮಿಲಿಲೀಟರ್‌ನಷ್ಟು ಹೆಚ್ಚು ಜಾಗ ಬೇಡುತ್ತದೆ. ಮೊದಲ ಬಾರಿ ಗನ್ ನಿಂತಾಗಲೇ ತುಂಬಿಸುವುದನ್ನು ನಿಲ್ಲಿಸಿದರೆ ಆ ಜಾಗ ಟ್ಯಾಂಕಿನಲ್ಲಿ ಉಳಿದಿರುತ್ತದೆ.

ವಾಸನೆ ಎಷ್ಟು, ಅಪಾಯ ಎಷ್ಟು

ಭಾರತ್ ಸ್ಟೇಜ್ ನಿಯಮಗಳ ಪ್ರಕಾರ ಪೆಟ್ರೋಲ್ ಕಾರನ್ನು ಮುಚ್ಚಿದ ಕೋಣೆಯಲ್ಲಿ ನಿಲ್ಲಿಸಿ ಪರೀಕ್ಷಿಸಿದಾಗ ಹೊರಬಿದ್ದ ಹೈಡ್ರೋಕಾರ್ಬನ್ 2 ಗ್ರಾಂ ಮೀರಬಾರದು. ಅದು ಅರ್ಧ ಟೀ ಚಮಚದಷ್ಟು ಪೆಟ್ರೋಲಿಗೆ ಸಮ. ಮೂರು ಮೀಟರ್ ಅಗಲ, ಐದು ಮೀಟರ್ ಉದ್ದ, ಮೂರು ಮೀಟರ್ ಎತ್ತರದ ಗ್ಯಾರೇಜಿನಲ್ಲಿ 45 ಘನ ಮೀಟರ್ ಗಾಳಿ ಇರುತ್ತದೆ. ಮನುಷ್ಯನ ಮೂಗು ಪೆಟ್ರೋಲ್ ಆವಿಯನ್ನು ದಶಲಕ್ಷದಲ್ಲಿ ಒಂದು ಭಾಗಕ್ಕಿಂತ ಕಡಿಮೆ ಇದ್ದಾಗಲೂ ಗುರುತಿಸಬಲ್ಲದು. ಈ ಗ್ಯಾರೇಜನ್ನು ಅಷ್ಟು ವಾಸನೆಯಿಂದ ತುಂಬಲು ಕಾಲು ಮಿಲಿಲೀಟರ್ ಪೆಟ್ರೋಲ್, ಅಂದರೆ ಕೆಲವೇ ಹನಿಗಳು, ಸಾಕು. ಆದ್ದರಿಂದ ಎಲ್ಲ ಸರಿಯಿರುವ ಕಾರೂ ಒಂದು ಸಂದೂ ಬಿಡದಂತೆ ಮುಚ್ಚಿದ ಗ್ಯಾರೇಜಿನಲ್ಲಿ ತುಸು ವಾಸನೆ ಹುಟ್ಟಿಸಬಹುದು.

ಹೊತ್ತಿಕೊಳ್ಳುವ ಮಟ್ಟ ಇದಕ್ಕಿಂತ ಬಹಳ ಮೇಲಿದೆ. ಗಾಳಿಯಲ್ಲಿ ಪೆಟ್ರೋಲ್ ಆವಿ ಶೇ 1.4ರಿಂದ ಶೇ 7.6ರ ನಡುವೆ ಇದ್ದಾಗ ಮಾತ್ರ ಅದು ಉರಿಯುತ್ತದೆ. ಕೆಳಗಿನ ಮಿತಿಯೇ ದಶಲಕ್ಷದಲ್ಲಿ 14,000 ಭಾಗ. ವಾಸನೆ ಬಂದ ಮಾತ್ರಕ್ಕೆ ಗ್ಯಾರೇಜು ಸಿಡಿಯುವ ಹಂತದಲ್ಲಿದೆ ಎಂದಲ್ಲ. ಟ್ಯಾಂಕಿನ ಒಳಗಂತೂ ಆವಿ ಮೇಲಿನ ಮಿತಿಗಿಂತ ದಟ್ಟವಾಗಿರುವುದರಿಂದ ಸಾಮಾನ್ಯವಾಗಿ ಅಲ್ಲಿ ಉರಿ ಹತ್ತುವುದಿಲ್ಲ. ಅಪಾಯವಿರುವುದು ಅದು ಹೊರಬಂದು ಗಾಳಿಯೊಂದಿಗೆ ಬೆರೆತು ತೆಳುವಾಗುವ ಜಾಗದಲ್ಲಿ.

ಇಷ್ಟಕ್ಕೇ ಸಮಾಧಾನಪಡುವಂತಿಲ್ಲ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಆವಿಯಾದರೆ ಸುಮಾರು 180 ಲೀಟರ್ ಆವಿಯಾಗುತ್ತದೆ. ಅದು ಇಡೀ ಗ್ಯಾರೇಜಿಗೆ ಸಮನಾಗಿ ಹರಡುವುದಾದರೆ ಹೊತ್ತಿಕೊಳ್ಳುವ ಮಟ್ಟ ಮುಟ್ಟಲು ಮೂರೂವರೆ ಲೀಟರ್ ಬೇಕು. ಆದರೆ ಅದು ಸಮನಾಗಿ ಹರಡುವುದಿಲ್ಲ, ನೆಲದ ಮೇಲೆ ಪದರವಾಗಿ ನಿಲ್ಲುತ್ತದೆ. ಒಂದಡಿ ಎತ್ತರದ ಪದರವನ್ನಷ್ಟೇ ಲೆಕ್ಕ ಹಿಡಿದರೆ ಮೂರೂವರೆ ಲೀಟರಿನ ಬದಲು ಸುಮಾರು 350 ಮಿಲಿಲೀಟರ್ ಸಾಕು. ಒಂದು ಕೊಳವೆ ಸಡಿಲಗೊಂಡು ರಾತ್ರಿಯೆಲ್ಲ ತೊಟ್ಟಿಕ್ಕಿದರೆ, ಪೆಟ್ರೋಲ್ ತುಂಬಿದ ಒಂದು ಕ್ಯಾನು ಉರುಳಿದರೆ ಇಷ್ಟು ಪೆಟ್ರೋಲ್ ನೆಲ ಸೇರುವುದು ಕಷ್ಟವಲ್ಲ.

ಮೂಗನ್ನು ಪೂರ್ತಿ ನಂಬುವಂತೆಯೂ ಇಲ್ಲ. ಒಂದೇ ವಾಸನೆಯಲ್ಲಿ ಕೆಲವು ನಿಮಿಷ ನಿಂತವರ ಮೂಗು ಅದಕ್ಕೆ ಒಗ್ಗಿಕೊಂಡು, ವಾಸನೆ ಹೋಯಿತೆಂಬ ಭ್ರಮೆ ಹುಟ್ಟುತ್ತದೆ. ನಿಂತ ಮನುಷ್ಯನ ಮೂಗು ಐದಡಿ ಎತ್ತರದಲ್ಲಿದ್ದರೆ ದಟ್ಟ ಆವಿ ಪಾದದ ಬಳಿ ಇರುತ್ತದೆ. ಹೊರಗಿನಿಂದ ಆಗತಾನೆ ಬಂದವರಿಗೆ ಬರುವ ವಾಸನೆಯೇ ಹೆಚ್ಚು ನಂಬತಕ್ಕ ಸೂಚನೆ.

ದೇಹದ ಮೇಲಿನ ಪರಿಣಾಮ

ದಟ್ಟ ಆವಿಯನ್ನು ಸ್ವಲ್ಪ ಹೊತ್ತು ಉಸಿರಾಡಿದರೂ ತಲೆನೋವು, ತಲೆಸುತ್ತು, ಓಕರಿಕೆ, ಕಣ್ಣು ಗಂಟಲುಗಳ ಉರಿ ಕಾಣಿಸಿಕೊಳ್ಳುತ್ತವೆ. ತೆರೆದ ಗಾಳಿಗೆ ಬಂದರೆ ಇವು ಸಾಮಾನ್ಯವಾಗಿ ಇಳಿಯುತ್ತವೆ. ದೀರ್ಘಕಾಲದ ಚಿಂತೆ ಬೇರೆಯದು, ಅದಕ್ಕೆ ಕಾರಣ ಪೆಟ್ರೋಲಿನಲ್ಲಿರುವ ಬೆಂಜೀನ್. ದೇಹ ಸೇರಿದ ಬೆಂಜೀನನ್ನು ಯಕೃತ್ತು ಬೇರೆ ವಸ್ತುಗಳಾಗಿ ಮಾರ್ಪಡಿಸುತ್ತದೆ. ಅವು ರಕ್ತಕಣಗಳು ಹುಟ್ಟುವ ಮೂಳೆಮಜ್ಜೆಗೆ ಹಾನಿ ಮಾಡುತ್ತವೆ. ಬೆಂಜೀನ್ ಬೆರೆತ ಅಂಟು ಬಳಸುತ್ತಿದ್ದ ಇಸ್ತಾಂಬುಲ್‌ನ ಚಪ್ಪಲಿ ಕೆಲಸಗಾರರಲ್ಲಿ ರಕ್ತಕ್ಯಾನ್ಸರ್ ಹೆಚ್ಚಿರುವುದನ್ನು 1970ರ ದಶಕದಲ್ಲಿ ತುರ್ಕಿಯ ವೈದ್ಯ ಮುಜಫ್ಫರ್ ಅಕ್ಸೊಯ್ ದಾಖಲಿಸಿದರು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಬೆಂಜೀನನ್ನು ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಗುಂಪಿಗೆ ಬಹಳ ಹಿಂದೆಯೇ ಸೇರಿಸಿದೆ; 2025ರಲ್ಲಿ ವಾಹನಗಳ ಪೆಟ್ರೋಲನ್ನೂ ಅದೇ ಗುಂಪಿಗೆ ಸೇರಿಸಿತು.

2020ರ ಏಪ್ರಿಲ್‌ನಿಂದ ದೇಶದಾದ್ಯಂತ ಜಾರಿಯಲ್ಲಿರುವ ಬಿಎಸ್-6 ಇಂಧನದಲ್ಲಿ ಬೆಂಜೀನ್ ಶೇ 1ಕ್ಕಿಂತ ಹೆಚ್ಚಿರುವಂತಿಲ್ಲ. ಹೊರಗಿನ ಗಾಳಿಯಲ್ಲಿ ಅದರ ವಾರ್ಷಿಕ ಸರಾಸರಿ ಘನ ಮೀಟರಿಗೆ 5 ಮೈಕ್ರೊಗ್ರಾಂ ಮೀರಬಾರದೆಂದು 2009ರ ರಾಷ್ಟ್ರೀಯ ಮಾನಕ ಹೇಳುತ್ತದೆ. ಒಂದು ಲೆಕ್ಕ ನೋಡಬಹುದು: ಮೇಲೆ ಹೇಳಿದ ಗ್ಯಾರೇಜು ಸಂಪೂರ್ಣ ಮುಚ್ಚಿದ್ದು, 2 ಗ್ರಾಂ ಆವಿ ಹೊರಬಿದ್ದು, ಅದರಲ್ಲಿ ಶೇ ಅರ್ಧದಷ್ಟು ಬೆಂಜೀನ್ ಇದ್ದರೆ, ಒಳಗಿನ ಗಾಳಿಯಲ್ಲಿ ಘನ ಮೀಟರಿಗೆ 200 ಮೈಕ್ರೊಗ್ರಾಂಗಿಂತ ಹೆಚ್ಚು ಬೆಂಜೀನ್ ಆಗುತ್ತದೆ. ಗಾಳಿಯಾಟವಿದ್ದರೆ ಇದು ಬಹಳ ಇಳಿಯುತ್ತದೆ. ಮನೆಯೊಳಗಿನ ಬೆಂಜೀನಿಗೆ ಸುರಕ್ಷಿತ ಎನ್ನಬಹುದಾದ ಯಾವ ಮಟ್ಟವನ್ನೂ ವಿಶ್ವ ಆರೋಗ್ಯ ಸಂಸ್ಥೆ ಗೊತ್ತುಮಾಡಿಲ್ಲ. ಸಾಧ್ಯವಾದಷ್ಟು ಕಡಿಮೆ ಇರಲಿ ಎಂಬುದೇ ಅದರ ನಿಲುವು.

ಗ್ಯಾರೇಜಿನಿಂದ ಮನೆಯೊಳಗೆ

ಗ್ಯಾರೇಜಿನ ಗಾಳಿ ಗ್ಯಾರೇಜಿನಲ್ಲೇ ಉಳಿಯುವುದಿಲ್ಲ. ಚಳಿಗಾಲದಲ್ಲಿ ಮನೆಗಳನ್ನು ಬಿಗಿಯಾಗಿ ಮುಚ್ಚಿಡುವ ಕೆನಡಾ ಮತ್ತು ಅಲಾಸ್ಕಾದಲ್ಲಿ ಇದರ ಅಧ್ಯಯನ ಚೆನ್ನಾಗಿ ನಡೆದಿದೆ. ಮನೆಗೆ ಅಂಟಿದ ಗ್ಯಾರೇಜುಗಳಿದ್ದಲ್ಲಿ ಒಳಗೆ ಬೆಂಜೀನ್ ಹೆಚ್ಚಿರುವುದು ಅಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಬೆಚ್ಚಗಿನ ಗಾಳಿ ಮನೆಯ ಮೇಲ್ಭಾಗದಿಂದ ಹೊರಹೋಗುವಾಗ ಕೆಳಗಿನ ಸಂದುಗಳಿಂದ ಗ್ಯಾರೇಜಿನ ಗಾಳಿ ಒಳಬರುತ್ತದೆ. ಒಟ್ಟಾವ ನಗರದ ಮನೆಗಳ ಗ್ಯಾರೇಜಿಗೆ ಗಾಳಿ ಹೊರದೂಡುವ ಫ್ಯಾನ್ ಅಳವಡಿಸಿ ನೋಡಿದಾಗ ಇಂಥ ಮಾಲಿನ್ಯ ಗಣನೀಯವಾಗಿ ಇಳಿಯಿತು.

ಕರ್ನಾಟಕದ ಮನೆಗಳಲ್ಲಿ ಈ ಚಳಿಯಿಲ್ಲ, ಆದರೆ ಗಾಳಿಯನ್ನು ಎಳೆಯುವ ಬೇರೆ ಸಾಧನಗಳಿವೆ. ಅಡುಗೆಮನೆಯ ಚಿಮಣಿ ಗಂಟೆಗೆ ನೂರಾರು ಘನ ಮೀಟರ್ ಗಾಳಿಯನ್ನು ಹೊರಗೆ ದೂಡುತ್ತದೆ. ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ಇನ್ನಷ್ಟನ್ನು ದೂಡುತ್ತದೆ. ಹೊರಹೋದಷ್ಟು ಗಾಳಿ ಎಲ್ಲಿಂದಲಾದರೂ ಒಳಬರಲೇಬೇಕು. ಕಿಟಕಿಗಳು ಮುಚ್ಚಿದ್ದು ಗ್ಯಾರೇಜಿನಿಂದ ಹಾಲಿಗೆ ಬಾಗಿಲಿದ್ದರೆ ಅದರ ಅಡಿಯ ಸಂದೇ ಹತ್ತಿರದ ದಾರಿ. ಅಡುಗೆ ಮಾಡುವಾಗ ಒಂದು ಕಿಟಕಿ ತೆರೆದಿಟ್ಟರೆ ಗಾಳಿ ಅಲ್ಲಿಂದ ಬರುತ್ತದೆ. ಇನ್ನೊಂದು ರೂಢಿ, ನಗರದ ಚಿಕ್ಕ ಮನೆಗಳಲ್ಲಿ ರಾತ್ರಿ ಸ್ಕೂಟರ್, ಬೈಕುಗಳನ್ನು ಒಳಗೇ ನಿಲ್ಲಿಸುವುದು. ಅಲ್ಲಿ ಗ್ಯಾರೇಜಿಗೂ ಮಲಗುವ ಜಾಗಕ್ಕೂ ನಡುವೆ ಗೋಡೆಯೇ ಇರುವುದಿಲ್ಲ. ಹೊರಗೆ ಬೀಗ, ಸರಪಳಿಯೊಂದಿಗೆ ನಿಲ್ಲಿಸುವ ವ್ಯವಸ್ಥೆ ಸಾಧ್ಯವಿದ್ದಲ್ಲಿ ಅದೇ ಮೇಲು.

ಮೂಲವನ್ನು ಹುಡುಕುವ ಕ್ರಮ

ವಾಸನೆ ದಿನವೂ ಬರುತ್ತಿದ್ದರೆ ಮೊದಲ ಕೆಲಸ ಅದರ ಮೂಲ ಹುಡುಕುವುದು. ಯಾವಾಗ ಬರುತ್ತದೆ ಎಂಬುದೇ ಮೊದಲ ಸುಳಿವು. ಟ್ಯಾಂಕ್ ಫುಲ್ ಮಾಡಿಸಿದ ದಿನ ಮಾತ್ರ ಬಂದರೆ ಮುಚ್ಚಳದ ವಾಷರ್, ತುಂಬುವ ಕೊಳವೆ ಅಥವಾ ಇದ್ದಿಲ ಡಬ್ಬಿಯ ಕಡೆ ನೋಡಬೇಕು. ಓಡಿ ಬಂದು ನಿಲ್ಲಿಸಿದ ಮೊದಲ ಅರ್ಧ ಗಂಟೆ ಬಂದರೆ ಎಂಜಿನ್ನಿನ ಬಳಿಯ ಕೊಳವೆ, ಇಂಜೆಕ್ಟರಿನ ರಬ್ಬರ್ ಉಂಗುರಗಳನ್ನು ಪರೀಕ್ಷಿಸಬೇಕು. ರಾತ್ರಿಯಿಡೀ ತಣ್ಣಗೆ ನಿಂತ ಕಾರಿನಿಂದ ಬೆಳಗ್ಗೆ ಗಾಢ ವಾಸನೆ ಬಂದರೆ ದ್ರವವೇ ಸೋರುತ್ತಿರುವ ಸಂಭವ ಹೆಚ್ಚು.

ಸೋರಿಕೆ ಕಾಣಲು ಕಾರಿನಡಿ ರಾತ್ರಿ ಅಗಲವಾದ ರಟ್ಟನ್ನು ಹಾಸಬಹುದು. ಎಣ್ಣೆಯ ಕಲೆ ಉಳಿಯುತ್ತದೆ, ಎ.ಸಿ.ಯ ನೀರು ಒಣಗುತ್ತದೆ. ಪೆಟ್ರೋಲ್ ಬಹುಪಾಲು ಆರಿಹೋದರೂ ವಾಸನೆ ಹಾಗೂ ಮಸುಕು ಗುರುತು ಬಿಡುತ್ತದೆ. ಹಿಂದಿನ ಸೀಟಿನ ಬಳಿ ವಾಸನೆ ಹೆಚ್ಚಿದ್ದರೆ ಟ್ಯಾಂಕಿನ ಮೇಲೆ ಪೆಟ್ರೋಲ್ ಪಂಪ್ ಕೂರುವ ಜಾಗದ ವಾಷರ್ ಹಾಳಾಗಿರಬಹುದು. ಹುಡುಕಲು ಟಾರ್ಚ್ ಮಾತ್ರ ಬಳಸಬೇಕು, ಅದನ್ನೂ ಹೊರಗೇ ಹೊತ್ತಿಸಿಕೊಂಡು ಬರಬೇಕು. ಬೆಂಕಿಕಡ್ಡಿ, ಲೈಟರುಗಳ ಮಾತೇ ಬೇಡ.

ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಇಲಿ, ಹೆಗ್ಗಣಗಳು ಒಂದು ದೊಡ್ಡ ಕಾರಣ. ಎಂಜಿನ್ನಿನ ಬೆಚ್ಚನೆಯ ಜಾಗಕ್ಕೆ ಸೇರುವ ಇಲಿ ವೈರುಗಳ ಜೊತೆ ಪೆಟ್ರೋಲ್ ಕೊಳವೆಯನ್ನೂ ಕಡಿಯುತ್ತದೆ. ಕಡಿದ ವೈರಿನ ಕಿಡಿ ಮತ್ತು ಕಡಿದ ಕೊಳವೆಯ ಪೆಟ್ರೋಲ್ ಒಂದೇ ಜಾಗದಲ್ಲಿರುವುದು ತೀರ ಕೆಟ್ಟ ಜೋಡಿ. ಕೋಳಿ ದಾಣಿ, ಅಕ್ಕಿ ಮೂಟೆ, ಹಳೆ ಪೇಪರುಗಳನ್ನು ಗ್ಯಾರೇಜಿನಿಂದ ತೆಗೆದು, ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡುವುದು ಇದಕ್ಕೆ ಪರಿಹಾರ. ಕಾರ್ಬುರೇಟರ್ ಇರುವ ಹಳೆಯ ಬೈಕುಗಳಲ್ಲಿ ರಾತ್ರಿ ಪೆಟ್ರೋಲ್ ಕಾಕ್ ಮುಚ್ಚುವ ಅಭ್ಯಾಸವಿರಬೇಕು. ಒಳಗಿನ ಸೂಜಿ ಕವಾಟ ಸವೆದಿದ್ದರೆ ತೆರೆದ ಕಾಕ್‌ನಿಂದ ಟ್ಯಾಂಕಿನ ಪೆಟ್ರೋಲೇ ನೆಲಕ್ಕೆ ಹರಿಯಬಹುದು.

ಮುಚ್ಚಳದ ವಾಷರ್ ಬದಲಿಸುವುದು ಮನೆಯಲ್ಲೇ ಆಗುವ ಕೆಲಸ. ಕೊಳವೆ, ಪಂಪ್, ಡಬ್ಬಿಗಳ ಕೆಲಸ ಮೆಕ್ಯಾನಿಕ್‌ಗೆ ಸೇರಿದ್ದು. ಆವಿಯ ಸೋರಿಕೆ ಕಣ್ಣಿಗೆ ಕಾಣದಿದ್ದಾಗ ಸುಸಜ್ಜಿತ ವರ್ಕ್‌ಶಾಪುಗಳಲ್ಲಿ ಕೊಳವೆಗಳಿಗೆ ಹೊಗೆ ಹಾಯಿಸಿ ಅದು ಎಲ್ಲಿ ಹೊರಬರುತ್ತದೆಂದು ನೋಡುತ್ತಾರೆ. ಪೆಟ್ರೋಲಿಗೆ ತಕ್ಕ ಕೊಳವೆಯ ಬದಲು ಸಾಮಾನ್ಯ ರಬ್ಬರ್ ಅಥವಾ ನೀರಿನ ಪೈಪು ಹಾಕಿಸುವುದು, ಎಂ-ಸೀಲ್ ಮೆತ್ತಿ ಮುಚ್ಚಿಸುವುದು ದುರಸ್ತಿಯಲ್ಲ.

ಗಾಳಿಗೆ ದಾರಿ

ಮೂಲ ಸರಿಪಡಿಸಿದ ಮೇಲೂ ಉಳಿಯುವ ಅಲ್ಪ ಆವಿಗೆ ಹೊರದಾರಿ ಬೇಕು. ಕಬ್ಬಿಣದ ಗ್ರಿಲ್ ಗೇಟಿನ ತೆರೆದ ಪೋರ್ಟಿಕೊ ಈ ದೃಷ್ಟಿಯಿಂದ ಅತ್ಯುತ್ತಮ. ತೊಂದರೆ ಶುರುವಾಗುವುದು ಅದಕ್ಕೆ ಶಟರ್ ಹಾಕಿಸಿ, ಮಳೆ ಧೂಳಿಗೆಂದು ಉಳಿದ ಬದಿಗಳನ್ನು ಶೀಟುಗಳಿಂದ ಮುಚ್ಚಿದಾಗ. ಅಂಥ ಗ್ಯಾರೇಜಿನಲ್ಲಿ ಎದುರುಬದುರು ಗೋಡೆಗಳಲ್ಲಿ ನೆಲಮಟ್ಟದಲ್ಲೇ ಜಾಲರಿ ಕಿಂಡಿಗಳಿರಬೇಕು. ಶಟರಿನ ಕೆಳಪಟ್ಟಿಗಳಲ್ಲಿ ರಂಧ್ರಗಳಿರುವ ಬಗೆಯನ್ನು ಆರಿಸಿದರೆ ಅರ್ಧ ಕೆಲಸ ಆದಂತೆ. ಸೂರಿನ ಬಳಿ ಮಾತ್ರ ಇರುವ ವೆಂಟಿಲೇಟರ್ ಪೆಟ್ರೋಲ್ ಆವಿಗೆ ಹೆಚ್ಚು ಉಪಯೋಗಕ್ಕೆ ಬಾರದು.

ಆದರೆ ಮೇಲಿನ ಕಿಂಡಿಯನ್ನು ಮುಚ್ಚಬೇಕೆಂದಲ್ಲ. ಸಿಎನ್‌ಜಿ ಕಾರುಗಳ ಮೀಥೇನ್ ಗಾಳಿಗಿಂತ ಹಗುರ. ಅದು ಸೋರಿದರೆ ಸೂರಿನಡಿ ಸೇರುತ್ತದೆ. ಎಲ್‌ಪಿಜಿ ಪೆಟ್ರೋಲ್ ಆವಿಯಂತೆ ನೆಲ ಹಿಡಿಯುತ್ತದೆ. ಕೆಳಗೂ ಮೇಲೂ ದಾರಿಯಿರುವ ಗ್ಯಾರೇಜು ಮೂರಕ್ಕೂ ಸರಿ. ಫ್ಯಾನ್ ಹಾಕಿಸುವುದಾದರೆ ಆವಿ ಅದರ ಮೋಟರಿನ ಮೂಲಕವೇ ಹಾಯುತ್ತದೆ ಎಂಬುದು ನೆನಪಿರಬೇಕು. ಕಿಡಿ ಹೊರಬಾರದಂತೆ ಮಾಡಿದ ಮೋಟರಿನ ಫ್ಯಾನನ್ನೇ ಬಲ್ಲ ಎಲೆಕ್ಟ್ರಿಷಿಯನ್‌ರಿಂದ ಹಾಕಿಸಬೇಕು.

ಗ್ಯಾರೇಜಿನ ನೆಲ ಮನೆಯ ನೆಲಕ್ಕಿಂತ ಒಂದು ಮೆಟ್ಟಿಲು ಕೆಳಗಿದ್ದು ರಸ್ತೆಯ ಕಡೆಗೆ ಇಳಿಜಾರಿರಬೇಕು. ಒಳಬಾಗಿಲಿಗೆ ಎತ್ತರದ ಹೊಸ್ತಿಲು, ಅಂಚಿಗೆ ರಬ್ಬರ್ ಪಟ್ಟಿ, ತಾನಾಗಿ ಮುಚ್ಚಿಕೊಳ್ಳುವ ಸ್ಪ್ರಿಂಗ್ ಇದ್ದರೆ ಆವಿಗೆ ತಡೆ ಸಿಗುತ್ತದೆ. ಗ್ಯಾರೇಜಿನಿಂದ ನೇರವಾಗಿ ಮಲಗುವ ಕೋಣೆಗೆ ಬಾಗಿಲಿರಬಾರದೆಂದು ಅಮೆರಿಕದ ವಸತಿ ಕಟ್ಟಡ ಸಂಹಿತೆ ವಿಧಿಸುತ್ತದೆ. ಹೊಸ ಮನೆ ಕಟ್ಟಿಸುವವರು ಇಲ್ಲಿಯೂ ಅನುಸರಿಸಬಹುದಾದ ಮಾತು ಅದು.

ಬೆಂಗಳೂರಿನಂಥ ಊರುಗಳಲ್ಲಿ ನೀರಿನ ಸಂಪು ಹೆಚ್ಚಾಗಿ ಕಾರು ನಿಲ್ಲುವ ಜಾಗದ ಅಡಿಯಲ್ಲೇ ಇರುತ್ತದೆ. ಭಾರದ ಆವಿಗೂ ಚೆಲ್ಲಿದ ಪೆಟ್ರೋಲಿಗೂ ಅದು ಸಹಜವಾದ ತಗ್ಗು. ಕುಡಿಯುವ ನೀರಿನಲ್ಲಿ ಬೆಂಜೀನ್ ಲೀಟರಿಗೆ 10 ಮೈಕ್ರೊಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಶೇ 1ರಷ್ಟು ಬೆಂಜೀನ್ ಇರುವ ಪೆಟ್ರೋಲ್ ಒಂದು ಟೀ ಚಮಚಕ್ಕಿಂತ ತುಸು ಹೆಚ್ಚು ಬಿದ್ದರೆ 5,000 ಲೀಟರ್ ಸಂಪಿನ ನೀರು ಆ ಮಿತಿಯನ್ನು ಮುಟ್ಟಬಲ್ಲದು. ಸಂಪಿನ ಬಾಯಿ ನೆಲಕ್ಕಿಂತ ಎತ್ತರವಿದ್ದು, ಮುಚ್ಚಳ ರಬ್ಬರ್ ಪಟ್ಟಿಯೊಂದಿಗೆ ಬಿಗಿಯಾಗಿ ಕೂರಬೇಕು. ವಾಸನೆ ಬರುವ ಸಂಪಿನೊಳಗೆ ತೊಳೆಯಲೆಂದು ಯಾರನ್ನೂ ಇಳಿಸಬಾರದು.

ಕಿಡಿಯನ್ನು ದೂರವಿಡುವುದು

ಪೆಟ್ರೋಲ್ ಆವಿ ಹೊತ್ತಲು ಒಂದು ಮಿಲಿಜೌಲ್‌ಗಿಂತಲೂ ಕಡಿಮೆ ಶಕ್ತಿ ಸಾಕು. ಸ್ವಿಚ್ ಒತ್ತಿದಾಗ ಏಳುವ ಕಿಡಿಯೂ, ಒಣಹವೆಯಲ್ಲಿ ನೈಲಾನ್ ಬಟ್ಟೆಯಿಂದ ಸಿಡಿಯುವ ಸ್ಥಿರ ವಿದ್ಯುತ್ತೂ ಅದನ್ನು ಮೀರಿಸುತ್ತವೆ. ನೀರಿನ ಮೋಟರ್ ಮತ್ತು ಅದರ ಸ್ಟಾರ್ಟರ್, ಯುಪಿಎಸ್ ಬ್ಯಾಟರಿ, ವಾಷಿಂಗ್ ಮಷಿನ್, ಗ್ಯಾಸ್ ಗೀಸರ್, ಇಸ್ತ್ರಿ ಮೇಜು ಇವೆಲ್ಲ ಗ್ಯಾರೇಜಿನ ಮೂಲೆ ಸೇರುವುದು ನಮ್ಮಲ್ಲಿ ಸಾಮಾನ್ಯ. ಕಿಡಿ ಅಥವಾ ಉರಿಯಿರುವ ಉಪಕರಣ ಗ್ಯಾರೇಜಿನ ನೆಲದಿಂದ 18 ಇಂಚು, ಅಂದರೆ ಸುಮಾರು 46 ಸೆಂಟಿಮೀಟರ್ ಮೇಲಿರಬೇಕೆಂದು ಅಮೆರಿಕದ ನಿಯಮಗಳು ಹೇಳುವುದು ಆವಿಯ ಪದರ ನೆಲದ ಬಳಿ ಇರುತ್ತದೆಂಬ ಕಾರಣಕ್ಕೆ. ಗೀಸರನ್ನು ಗ್ಯಾರೇಜಿನಿಂದ ಹೊರಗಿಡುವುದು, ಸ್ವಿಚ್ಚು ಸ್ಟಾರ್ಟರುಗಳನ್ನು ಎದೆಮಟ್ಟಕ್ಕೆ ಏರಿಸುವುದು ಸುಲಭದ ಮುನ್ನೆಚ್ಚರಿಕೆಗಳು.

ವಾಸನೆ ಮರೆಸಲು ಊದಿನಕಡ್ಡಿ, ಸಾಂಬ್ರಾಣಿ ಹಚ್ಚುವುದು ಅತ್ಯಂತ ಅಪಾಯದ ಅಭ್ಯಾಸ. ಸುಗಂಧದ ಸ್ಪ್ರೇಗಳೂ ಆವಿಯನ್ನು ಕಡಿಮೆ ಮಾಡುವುದಿಲ್ಲ, ಎಚ್ಚರಿಕೆಯ ಸೂಚನೆಯನ್ನಷ್ಟೇ ಅಳಿಸುತ್ತವೆ. ಆಯುಧಪೂಜೆಯ ದಿನ ಮುಚ್ಚಿದ ಗ್ಯಾರೇಜಿನಲ್ಲಿ ವಾಹನದ ಮುಂದೆ ದೀಪ ಹಚ್ಚಿ ಕರ್ಪೂರ ಬೆಳಗುವುದರ ಬದಲು, ಅದನ್ನು ಬಯಲಿಗೆ ತಂದು ಪೂಜಿಸುವುದು ಒಳ್ಳೆಯದು.

ಕ್ಯಾನು, ಚೆಲ್ಲು ಮತ್ತು ತುರ್ತು

ವಾಸನೆಯ ಮೂಲ ಎಷ್ಟೋ ಬಾರಿ ಕಾರಲ್ಲ, ಮೂಲೆಯಲ್ಲಿಟ್ಟ ಕ್ಯಾನು. ಜನರೇಟರ್, ಕಳೆ ಕತ್ತರಿಸುವ ಯಂತ್ರ, ಔಷಧಿ ಸಿಂಪಡಿಸುವ ಪಂಪುಗಳಿಗೆಂದು ತಂದ ಪೆಟ್ರೋಲ್ ನೀರಿನ ಬಾಟಲಿಗಳಲ್ಲಿ ಉಳಿದಿರುತ್ತದೆ. 1934ರ ಪೆಟ್ರೋಲಿಯಂ ಕಾಯ್ದೆ ಮಾರಾಟಕ್ಕಲ್ಲದ 30 ಲೀಟರ್‌ವರೆಗಿನ ಪೆಟ್ರೋಲನ್ನು ಲೈಸೆನ್ಸಿಲ್ಲದೆ ಇಡಲು ಬಿಡುತ್ತದೆ. ಆದರೆ ಅದು ಬಿಗಿಯಾಗಿ ಮುಚ್ಚಿದ ಗಾಜು, ಪಿಂಗಾಣಿ ಇಲ್ಲವೆ ಲೋಹದ ಪಾತ್ರೆಯಲ್ಲಿರಬೇಕು. ಗಾಜು, ಪಿಂಗಾಣಿಯಾದರೆ ಒಂದು ಲೀಟರ್, ಲೋಹವಾದರೆ 25 ಲೀಟರ್ ಮೀರುವಂತಿಲ್ಲ. ಕಾನೂನು ಒಪ್ಪಿದಷ್ಟನ್ನೂ ಮನೆಯಲ್ಲಿ ಇಡಬೇಕೆಂದೇನಿಲ್ಲ. ಇಡುವುದಾದರೆ ಮನೆಯಿಂದ ಬೇರೆಯಾದ ನೆರಳಿನ ಶೆಡ್ಡಿನಲ್ಲಿ ಇಡಬೇಕು. ಟ್ಯಾಂಕಿನಿಂದ ಪೈಪಿನಲ್ಲಿ ಬಾಯಿಂದ ಎಳೆದು ಪೆಟ್ರೋಲ್ ತೆಗೆಯುವ ರೂಢಿಯನ್ನು ಪೂರ್ತಿ ಬಿಡಬೇಕು. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೂ ತೀವ್ರ ಉರಿಯೂತವಾಗುತ್ತದೆ. ನುಂಗಿದವರಿಗೆ ವಾಂತಿ ಮಾಡಿಸದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಪೆಟ್ರೋಲ್ ಚೆಲ್ಲಿದರೆ ಮೊದಲು ಮಕ್ಕಳು ಮತ್ತು ಹಿರಿಯರು ಹೊರಗೆ ಹೋಗಬೇಕು. ದೀಪದ ಸ್ವಿಚ್ಚನ್ನು ಹಾಕಲೂಬಾರದು, ಆರಿಸಲೂಬಾರದು. ಎರಡರಲ್ಲೂ ಕಿಡಿ ಏಳಬಹುದು. ವಿದ್ಯುತ್ ಶಟರ್ ಇದ್ದರೆ ಕೈಯಿಂದ ಎತ್ತಬೇಕು. ಕಾರನ್ನು ಸ್ಟಾರ್ಟ್ ಮಾಡದೆ ತಳ್ಳಿ ಹೊರತರಬೇಕು. ನೆಲದ ಮೇಲಿನದನ್ನು ಒಣ ಮರಳು ಇಲ್ಲವೆ ಮಣ್ಣಿನಿಂದ ಹೀರಿಸಿ, ಆ ಮರಳನ್ನು ಬಯಲಿನಲ್ಲಿ ಬೆಂಕಿಯಿಂದ ದೂರ ಹರಡಬೇಕು. ನೀರು ಹಾಕಿ ತೊಳೆದರೆ ಪೆಟ್ರೋಲ್ ತೇಲಿಕೊಂಡು ಚರಂಡಿಗೋ ಸಂಪಿಗೋ ಸೇರುತ್ತದೆ. ಬೆಂಕಿ ಹತ್ತಿದರೆ ನೀರು ಅದನ್ನು ಹರಡುತ್ತದೆ. ಪುಡಿ ಅಥವಾ ನೊರೆಯ ಅಗ್ನಿಶಾಮಕ ಬೇಕು, ಅದನ್ನು ಬಾಗಿಲ ಬಳಿ ಇಟ್ಟಿರಬೇಕು. ಮೊದಲ ಕೆಲವು ಕ್ಷಣಗಳಲ್ಲಿ ಆರದಿದ್ದರೆ ಹೊರಬಂದು 101 ಅಥವಾ 112ಕ್ಕೆ ಕರೆ ಮಾಡಬೇಕು.

ವಾಸನೆಯಿಲ್ಲದ ಇನ್ನೊಂದು ವಿಷ

ಗ್ಯಾರೇಜಿನಲ್ಲಿ ಎಂಜಿನ್ ಓಡಿಸಿದಾಗ ಆವಿಯ ಜೊತೆ ಇಂಗಾಲದ ಮೊನಾಕ್ಸೈಡ್ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟುತ್ತದೆ. ತಣ್ಣನೆಯ ಎಂಜಿನ್ ಶುರುವಾದ ಮೊದಲ ನಿಮಿಷಗಳಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಾದಿರುವುದಿಲ್ಲ, ಆದ್ದರಿಂದ ಹೊಸ ಕಾರಿನ ಹೊಗೆಯೂ ಆಗ ವಿಷಮಯ. ಶಟರ್ ತೆರೆದು, ಸ್ಟಾರ್ಟ್ ಮಾಡಿದೊಡನೆ ಕಾರನ್ನು ಹೊರತರಬೇಕು. ಬ್ಯಾಟರಿ ಚಾರ್ಜ್ ಆಗಲೆಂದು ಒಳಗೇ ಓಡಿಸುತ್ತ ಬಿಡಬಾರದು. ಕರೆಂಟ್ ಹೋದಾಗ ಪೆಟ್ರೋಲ್ ಜನರೇಟರನ್ನು ಗ್ಯಾರೇಜಿನಲ್ಲಿ ಓಡಿಸುವುದು ಕಾರಿಗಿಂತಲೂ ಕೇಡು. ಮೊನಾಕ್ಸೈಡ್ ಗುರುತಿಸುವ ಅಲಾರಂ ಪೆಟ್ರೋಲ್ ಆವಿಯನ್ನು ಪತ್ತೆ ಮಾಡುವುದಿಲ್ಲ ಎಂಬುದೂ ತಿಳಿದಿರಬೇಕು.

ಈ ಎಲ್ಲ ಕ್ರಮಗಳಿಗೆ ಒಂದು ಅನುಕ್ರಮವಿದೆ. ಸೋರುವ ಜಾಗವನ್ನು ಸರಿಪಡಿಸುವುದು ಮೊದಲು, ನೆಲಮಟ್ಟದಲ್ಲಿ ಗಾಳಿಗೆ ದಾರಿ ಮಾಡುವುದು ನಂತರ, ಮನೆಯ ಕಡೆಯ ಸಂದುಗಳನ್ನು ಮುಚ್ಚಿ ಕಿಡಿಯನ್ನು ದೂರವಿಡುವುದು ಆಮೇಲೆ. ಮೊದಲನೆಯದನ್ನು ಬಿಟ್ಟು ಉಳಿದವುಗಳನ್ನು ಮಾಡಿದರೆ ತೊಂದರೆ ಮುಂದಕ್ಕೆ ಹೋಗುತ್ತದೆಯೇ ಹೊರತು ತಪ್ಪುವುದಿಲ್ಲ. ಒಳ್ಳೆಯ ಸ್ಥಿತಿಯಲ್ಲಿರುವ ಕಾರು, ಗಾಳಿಯಾಡುವ ಗ್ಯಾರೇಜಿನಲ್ಲಿ, ಬೆಳಗ್ಗೆ ಬಾಗಿಲು ತೆರೆದವರಿಗೆ ಪೆಟ್ರೋಲ್ ವಾಸನೆ ಕೊಡಬಾರದು. ಕೊಟ್ಟರೆ ಅದನ್ನು ದೋಷವೆಂದೇ ತಿಳಿದು, ಆ ದಿನವೇ ಕಾರನ್ನು ಹೊರಗೆ ನಿಲ್ಲಿಸಿ ಮೆಕ್ಯಾನಿಕ್‌ಗೆ ತೋರಿಸಬೇಕು.